ವಿಮೆ ಏಜೆನ್ಸಿಗೆ ಇಳಿಯುವ ಮುಂಚೆ: ಐದನೇ ವರ್ಷದ ಕಮಿಷನ್ ಯಾರ ಕೈಗೆ ಬರುತ್ತದೆ?

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಬಿಕಾಂ ಮುಗಿಸಿ ಎರಡು ವರ್ಷ ಆಗಿದೆ, ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಸಂಬಳ ಸಾಲುತ್ತಿಲ್ಲ. ‘ಮಾವ, ಒಂದೇ ವಾರದಲ್ಲಿ ಮೂರು ಕಡೆಯಿಂದ ಇನ್ಶೂರೆನ್ಸ್ ಕೆಲಸಕ್ಕೆ ಕರೆದಿದ್ದಾರೆ, ಯಾವುದಕ್ಕೆ ಹೋಗಲಿ?’ ಅಂತ ಕೇಳಿದ. ಮೊದಲನೆಯವರು ಎಲ್‌ಐಸಿಯ ಡೆವಲಪ್‌ಮೆಂಟ್ ಆಫೀಸರು, ಎಲ್ಲರೂ ಡಿಒ ಅಂತಲೇ ಕರೆಯುವವರು. ‘ಏಜೆನ್ಸಿ ತಗೊ, ಮುಂದಿನದು ನಾನು ಕಲಿಸುತ್ತೇನೆ’ ಅಂದಿದ್ದರಂತೆ. ಎರಡನೆಯದು ಫೋನಿನಲ್ಲಿ ಬಂದ ಜಾಹೀರಾತು. ಆ್ಯಪ್ ಹಾಕಿಕೊಂಡರೆ ಸಾಕು, ಕೂತಲ್ಲೇ ಬೈಕು ಕಾರಿನ ಇನ್ಶೂರೆನ್ಸ್ ಮಾಡಿಕೊಟ್ಟು ದುಡಿಯಬಹುದು ಅಂತ. ಮೂರನೆಯದು ಖಾಸಗಿ ಕಂಪನಿಯ ‘ಸೇಲ್ಸ್ ಮ್ಯಾನೇಜರ್’ ಕೆಲಸ. ಸಂಬಳ ಇದೆ, ಅದರ ಬೆನ್ನಿಗೇ ಟಾರ್ಗೆಟ್ ಕೂಡ ಇದೆ.

ಅವನಿಗೆ ಮೂರೂ ಒಂದೇ ಥರ ಕಂಡಿದ್ದವು, ಎಲ್ಲದರಲ್ಲೂ ಮಾರುವುದು ಪಾಲಿಸಿಯೇ ಅಲ್ವಾ ಅಂತ. ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿ ಇರುವ ನನಗೆ ಇವು ಮೂರು ಬೇರೆ ಬೇರೆ ಕಸುಬು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಯಾವ ದಾರಿ ತೋರಿಸಿದರೂ ಎರಡು ಪ್ರಶ್ನೆ ಕೇಳಿ. ಇವತ್ತು ನಾನು ಮಾಡಿಸಿದ ಪಾಲಿಸಿಗೆ ಐದನೇ ವರ್ಷದ ಕಮಿಷನ್ ಯಾರ ಕೈಗೆ ಬರುತ್ತದೆ? ಕಷ್ಟ ಬಂದ ದಿನ ಆ ಮನೆಯವರು ಯಾರಿಗೆ ಫೋನ್ ಮಾಡುತ್ತಾರೆ? ಈ ಎರಡಕ್ಕೂ ಉತ್ತರ ‘ನಿನ್ನ ಕೈಗೆ, ನಿನಗೇ’ ಅಂತ ಬಂದರೆ ಅದು ನಿಮ್ಮ ಸ್ವಂತ ವ್ಯವಹಾರ. ಬೇರೆ ಉತ್ತರ ಬಂದರೆ ಅದು ಇನ್ನೊಬ್ಬರ ವ್ಯವಹಾರದಲ್ಲಿ ನೀವು ಮಾಡುವ ಕೆಲಸ. ಕೆಲಸ ಮಾಡುವುದರಲ್ಲಿ ತಪ್ಪಿಲ್ಲ, ಆದರೆ ಯಾವುದು ಯಾವುದು ಅಂತ ಮೊದಲೇ ತಿಳಿದಿರಬೇಕು.

ಏಜೆಂಟ್ ಅಂದರೆ ಯಾರ ಕಡೆಯವರು?

ಏಜೆಂಟ್ ಕಾನೂನಿನ ಪ್ರಕಾರ ಕಂಪನಿಯ ಕಡೆಯವರು. ಹಿಂದೆ ಏಜೆಂಟರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ, ಅಂದರೆ ಹೈದರಾಬಾದಿನಲ್ಲಿರುವ ಐಆರ್‌ಡಿಎಐನ, ಲೈಸೆನ್ಸ್ ಇರುತ್ತಿತ್ತು. 2015ರ ತಿದ್ದುಪಡಿ ಆದಮೇಲೆ ನೇಮಕ ಮಾಡುವ ಅಧಿಕಾರ ಕಂಪನಿಗೇ ಹೋಯಿತು. ಈಗ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಯ ಪಾಲಿಸಿ ಮಾರಬಹುದು. ಎರಡು ಜೀವ ವಿಮಾ ಕಂಪನಿಗಳ ಏಜೆನ್ಸಿ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಎಷ್ಟೋ ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಮೊದಲು ಕರೆದವರಿಗೆ ಸಹಿ ಹಾಕಿಬಿಡುತ್ತಾರೆ, ಆಮೇಲೆ ಬೇರೆ ಕಂಪನಿಯ ಟರ್ಮ್ ಪ್ಲಾನ್, ಅಂದರೆ ತೀರಿಕೊಂಡರೆ ಮಾತ್ರ ದುಡ್ಡು ಬರುವ ಜೀವ ವಿಮೆ, ಕಡಿಮೆಗೆ ಸಿಗುತ್ತದೆ ಅಂತ ಗೊತ್ತಾದಾಗ ಕೈ ಕಟ್ಟಿಹಾಕಿದಂತೆ ಆಗುತ್ತದೆ. ಬದಲಾಯಿಸಬೇಕೆಂದರೆ ಹಳೆ ಕಂಪನಿಗೆ ರಾಜೀನಾಮೆ ಕೊಟ್ಟು, ಬಿಡುಗಡೆ ಪತ್ರ ತೆಗೆದುಕೊಂಡು ಬರಬೇಕು.

ಒಳಗೆ ಬರುವುದು ಕಷ್ಟವೇನಲ್ಲ. ಹದಿನೆಂಟು ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಕಂಪನಿಯೇ ತರಬೇತಿ ಕೊಡುತ್ತದೆ, ಆಮೇಲೆ ಭಾರತೀಯ ವಿಮಾ ಸಂಸ್ಥೆಯ ಐಸಿ-38 ಪರೀಕ್ಷೆ. ಒಂದು ಗಂಟೆ, ಐವತ್ತು ಪ್ರಶ್ನೆ, ಪಾಸಾಗಲು ಶೇ. 35 ಸಾಕು. ಕನ್ನಡದಲ್ಲೇ ಬರೆಯಬಹುದು. ಕನ್ನಡದ ಪಠ್ಯದಲ್ಲಿ ಕೆಲವು ಪದ ಬಿಗಿಯಾಗಿವೆ, ಅರ್ಥವಾಗದ ಕಡೆ ಡಿಒ ಹತ್ತಿರವೋ ಹಳೆ ಏಜೆಂಟರ ಹತ್ತಿರವೋ ಕೂತು ಕೇಳಿಕೊಂಡರೆ ಆಯಿತು. ಪರೀಕ್ಷೆ ಮತ್ತು ತರಬೇತಿಯ ಸಣ್ಣ ಶುಲ್ಕ ಬಿಟ್ಟರೆ ಏಜೆನ್ಸಿಗೆ ದುಡ್ಡು ಕೊಡಬೇಕಿಲ್ಲ. ‘ಡಿಪಾಸಿಟ್ ಕಟ್ಟಿ’, ‘ಮೊದಲು ನಿಮ್ಮ ಹೆಸರಲ್ಲಿ ದೊಡ್ಡ ಪಾಲಿಸಿ ಮಾಡಿ’ ಅಂದವರ ಮುಂದಿಂದ ಎದ್ದು ಬನ್ನಿ.

ಸರ್ಕಾರಿ ನೌಕರರು ಸ್ವಂತ ಹೆಸರಲ್ಲಿ ಏಜೆನ್ಸಿ ಮಾಡುವಂತಿಲ್ಲ. ಹೆಂಡತಿ ಹೆಸರಲ್ಲಿ ಇಟ್ಟುಕೊಂಡು ಆಫೀಸಿನಲ್ಲಿ ತಾವೇ ಫಾರಂ ತುಂಬಿಸುವವರನ್ನು ನೀವು ಕಂಡಿರುತ್ತೀರಿ. ಕೇಂದ್ರ ನೌಕರರ ನಡತೆ ನಿಯಮದಲ್ಲಿ ಹಾಗೆ ಮನೆಯವರ ಏಜೆನ್ಸಿಗೆ ಗಿರಾಕಿ ಹಿಡಿದು ಕೊಡುವುದೂ ನಿಯಮಭಂಗವೇ. ಮನೆಯವರು ನಿಜವಾಗಿ ಕೆಲಸ ಮಾಡಿದರೆ ಮಾತ್ರ ಮಾಡಲಿ.

ದುಡ್ಡಿನ ಲೆಕ್ಕ, ಪೂರ್ತಿಯಾಗಿ

ಎಲ್ಲರೂ ಮೊದಲು ಕೇಳುವುದು ಇದನ್ನೇ, ಆದರೆ ಅರ್ಧ ಲೆಕ್ಕ ಕೇಳಿ ಹೋಗುತ್ತಾರೆ. ತಿಂಗಳಿಗೆ 2,000ದಂತೆ ವರ್ಷಕ್ಕೆ 24,000 ರೂಪಾಯಿ ಕಟ್ಟುವ, ಇಪ್ಪತ್ತು ವರ್ಷದ ಒಂದು ಸಾಮಾನ್ಯ ಉಳಿತಾಯದ ಪಾಲಿಸಿ ಇದೆ ಅಂದುಕೊಳ್ಳಿ. ಎಲ್‌ಐಸಿಯಲ್ಲಿ ಇಂಥದ್ದಕ್ಕೆ ಮೊದಲ ವರ್ಷ ಬೋನಸ್ ಕಮಿಷನ್ ಸೇರಿ ಶೇ. 35ರವರೆಗೆ ಸಿಗುತ್ತಿತ್ತು. 2024ರ ಅಕ್ಟೋಬರ್ 1ರಿಂದ ಅದು ಶೇ. 28ಕ್ಕೆ ಇಳಿಯಿತು. ಅದೇ ಹೊತ್ತಿಗೆ ರಿನ್ಯೂವಲ್ ಕಮಿಷನ್, ಅಂದರೆ ಮುಂದಿನ ವರ್ಷಗಳ ಕಂತಿಗೆ ಸಿಗುವುದು, ಶೇ. 5ರಿಂದ 7.5ಕ್ಕೆ ಏರಿತು.

ಯಾಕೆ ಹೀಗಾಯಿತು ಅಂತ ತಿಳಿದರೆ ಈ ಕಸುಬು ಯಾವ ಕಡೆ ಹೊರಟಿದೆ ಅನ್ನುವುದೂ ತಿಳಿಯುತ್ತದೆ. ಮುಂಚೆ ಒಂದು ವರ್ಷ ಕಟ್ಟಿ ಬಿಟ್ಟವರಿಗೆ ಒಂದು ಪೈಸೆಯೂ ವಾಪಸ್ ಬರುತ್ತಿರಲಿಲ್ಲ. ಪ್ರಾಧಿಕಾರ 2024ರಲ್ಲಿ ನಿಯಮ ಬದಲಿಸಿ, ಒಂದು ವರ್ಷ ಪೂರ್ತಿ ಕಟ್ಟಿದವರು ಪಾಲಿಸಿ ಬಿಟ್ಟರೂ ಏನಾದರೂ ಸರೆಂಡರ್ ಮೊತ್ತ ಕೊಡಬೇಕು ಅಂದಿತು. ಬಿಟ್ಟುಹೋಗುವವರಿಗೂ ದುಡ್ಡು ಕೊಡಬೇಕಾದ ಮೇಲೆ ಮೊದಲ ವರ್ಷವೇ ಏಜೆಂಟರಿಗೆ ಅಷ್ಟೊಂದು ಕೊಡುವುದು ಕಂಪನಿಗೆ ಕಷ್ಟ. ಅದಕ್ಕೇ ಮೊದಲ ವರ್ಷದ್ದನ್ನು ಕತ್ತರಿಸಿ ಮುಂದಿನ ವರ್ಷಗಳಿಗೆ ಹಂಚಿದರು. ನಮ್ಮ ಸಂಘದವರು ಇದನ್ನು ವಿರೋಧಿಸಿದರು, ಅವರ ನೋವು ನನಗೂ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಬೇರೆ. ಒಂದು ವರ್ಷ ಕಟ್ಟಿಸಿ ಕೈಬಿಡುವವರಿಗೆ ಇದು ನಷ್ಟ, ಇಪ್ಪತ್ತು ವರ್ಷ ಕಟ್ಟಿಸುವವರಿಗೆ ಲಾಭ. ಹಾಗೇ ಇರಬೇಕು.

ಈಗ ಗುಣಾಕಾರ ಮಾಡಿ. ತಿಂಗಳಿಗೆ ಎರಡು ಪಾಲಿಸಿ, ವರ್ಷಕ್ಕೆ ಇಪ್ಪತ್ನಾಲ್ಕು. ಒಂದೊಂದಕ್ಕೆ ಮೊದಲ ವರ್ಷ 6,720 ರೂಪಾಯಿ, ಒಟ್ಟು 1,61,280. ತಿಂಗಳಿಗೆ ಹಂಚಿದರೆ 13,440. ಪೆಟ್ರೋಲು, ಫೋನು, ಚಹಾ ಎಲ್ಲ ಇದರಲ್ಲೇ. ಹಾಗಾಗಿ ಮೊದಲ ವರ್ಷ ಇದ್ದ ಕೆಲಸ ಬಿಟ್ಟು ಬರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತಿಂಗಳಿಗೆ ಎರಡು ಪಾಲಿಸಿ ಅನ್ನುವುದು ಹೊಸಬರಿಗೆ ಸಣ್ಣ ಮಾತೇನಲ್ಲ, ಒಂದಕ್ಕೆ ಹತ್ತು ಮನೆ ಸುತ್ತಬೇಕು.

ಅದೇ ವೇಗದಲ್ಲಿ ಐದನೇ ವರ್ಷಕ್ಕೆ ಬನ್ನಿ. ಹಿಂದಿನ ನಾಲ್ಕು ವರ್ಷದ ತೊಂಬತ್ತಾರು ಪಾಲಿಸಿ ಇವೆ, ಒಂದೊಂದಕ್ಕೆ ಶೇ. 7.5ರಂತೆ 1,800 ರಿನ್ಯೂವಲ್. ಎಲ್ಲವೂ ಉಳಿದಿದ್ದರೆ 1,72,800 ರೂಪಾಯಿ. ಅಂದರೆ ಹಳೆ ಪಾಲಿಸಿಗಳ ದುಡ್ಡೇ ಹೊಸದನ್ನು ದಾಟಿಬಿಟ್ಟಿತು. ಎಲ್ಲವೂ ಉಳಿಯುವುದಿಲ್ಲ, ಅದು ಬೇರೆ ಮಾತು. ಪ್ರತಿ ವರ್ಷ ನೂರಕ್ಕೆ ಎಂಬತ್ತು ಉಳಿದರೆ ಈ ಮೊತ್ತ ಸುಮಾರು 1,02,000. ಅರುವತ್ತೇ ಉಳಿದರೆ ಸುಮಾರು 56,000. ಐದೂ ವರ್ಷ ಅಷ್ಟೇ ಓಡಾಡಿದ ಇಬ್ಬರು ಏಜೆಂಟರ ನಡುವೆ ಇಷ್ಟು ವ್ಯತ್ಯಾಸ ಬರುವುದು ಉಳಿಸಿಕೊಂಡ ಪಾಲಿಸಿಯಿಂದ. ಕಂಪನಿಯಲ್ಲಿ ಇದನ್ನು ಪರ್ಸಿಸ್ಟೆನ್ಸಿ ಅನ್ನುತ್ತಾರೆ. ಹದಿಮೂರನೇ ತಿಂಗಳು, ಅಂದರೆ ಎರಡನೇ ವರ್ಷಕ್ಕೆ ನೂರಕ್ಕೆ ಎಷ್ಟು ಪಾಲಿಸಿ ಉಳಿದವು ಅಂತ, ಆಮೇಲೆ ಇಪ್ಪತ್ತೈದನೇ ತಿಂಗಳು, ಹೀಗೆ ಅರುವತ್ತೊಂದನೇ ತಿಂಗಳವರೆಗೂ ಅಳೆಯುತ್ತಾರೆ. ನಿಮ್ಮನ್ನು ಸೇರಿಸಿಕೊಳ್ಳುವ ಶಾಖೆಯ ಅಥವಾ ಡಿಒ ಗುಂಪಿನ ಹದಿಮೂರನೇ ತಿಂಗಳ ಅಂಕಿ ಎಷ್ಟು ಅಂತ ಕೇಳಿ. ಸುಮ್ನೆ ಕೇಳಿ ನೋಡಿ, ಉತ್ತರ ಕೊಡುವ ಮುಖದಲ್ಲೇ ಅರ್ಧ ಗೊತ್ತಾಗುತ್ತದೆ.

ಇದು ಎಲ್‌ಐಸಿಯ ಲೆಕ್ಕ. ಬೇರೆ ಕಂಪನಿಗಳಲ್ಲಿ ಬೇರೆ. 2023ರ ಏಪ್ರಿಲ್‌ವರೆಗೆ ಯಾವ ಥರದ ಪಾಲಿಸಿಗೆ ಎಷ್ಟು ಕಮಿಷನ್ ಅನ್ನುವ ಮಿತಿಯನ್ನು ಪ್ರಾಧಿಕಾರವೇ ಹಾಕುತ್ತಿತ್ತು. ಈಗ ಕಂಪನಿಯ ಒಟ್ಟು ಖರ್ಚಿಗೆ ಮಿತಿ ಇದೆ, ಅದರೊಳಗೆ ಕಮಿಷನ್ ಎಷ್ಟು ಅಂತ ಕಂಪನಿಯ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಹಾಗಾಗಿ ಬಾಯಿಮಾತು ನಂಬಬೇಡಿ, ಕಮಿಷನ್ ಪಟ್ಟಿಯನ್ನೇ ಕೇಳಿ ತೆಗೆದುಕೊಳ್ಳಿ.

ಆರೋಗ್ಯ ವಿಮೆಯ ಲೆಕ್ಕ ಇನ್ನೊಂದು ರೀತಿ. ಒಂದು ಕುಟುಂಬದ ಪಾಲಿಸಿಗೆ 20,000 ಪ್ರೀಮಿಯಂ, ಕಮಿಷನ್ ಶೇ. 15 ಅಂದುಕೊಂಡರೆ 3,000. ಜೀವ ವಿಮೆಯ ಮೊದಲ ವರ್ಷಕ್ಕೆ ಹೋಲಿಸಿದರೆ ಕಡಿಮೆ ಕಾಣುತ್ತದೆ. ಆದರೆ ರಿನ್ಯೂವಲ್‌ಗೂ ಅದೇ ದರ ಕೊಡುವ ಕಂಪನಿಯಾದರೆ ಪ್ರತಿ ವರ್ಷ ಅಷ್ಟೇ ಬರುತ್ತದೆ, ವಯಸ್ಸಿನ ಜೊತೆ ಪ್ರೀಮಿಯಂ ಏರಿದಂತೆ ಅದೂ ಏರುತ್ತದೆ. ಬೈಕಿನ ಪಾಲಿಸಿಯಲ್ಲಿ ನೂರೋ ಇನ್ನೂರೋ ಸಿಕ್ಕರೆ ದೊಡ್ಡದು. ಆದರೂ ಬೈಕಿನ ಪಾಲಿಸಿ ಮನೆಯ ಬಾಗಿಲು ತೆಗೆಸುತ್ತದೆ, ವರ್ಷಕ್ಕೊಮ್ಮೆ ಹೋಗಲು ಒಂದು ಕಾರಣ ಸಿಗುತ್ತದೆ.

ತೆರಿಗೆ ಬಗ್ಗೆ ಎರಡು ಮಾತು. ವರ್ಷಕ್ಕೆ 20,000 ದಾಟಿದ ಕಮಿಷನ್‌ಗೆ ಶೇ. 2 ಟಿಡಿಎಸ್ ಹಿಡಿಯುತ್ತಾರೆ, 2025ರ ಏಪ್ರಿಲ್‌ಗೆ ಮುಂಚೆ ಅದು ಶೇ. 5 ಇತ್ತು. ಆ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಪ್ರೀಮಿಯಂ ಮೇಲಿದ್ದ ಶೇ. 18 ಜಿಎಸ್‌ಟಿ ಹೋಯಿತು. ಗಿರಾಕಿಗೆ ಖುಷಿ. ಆದರೆ ಕಂಪನಿಗಳಿಗೆ ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಪಡೆಯುವ ದಾರಿ ಮುಚ್ಚಿತು, ಕೆಲವು ಕಂಪನಿಗಳು ಆ ಹೊರೆಯನ್ನು ಏಜೆಂಟರ ಕಮಿಷನ್ ಮೇಲೆ ಹಾಕಿದವು. ಪಟ್ಟಿಯಲ್ಲಿರುವ ಶೇಕಡ ತೆರಿಗೆ ಸೇರಿಯೋ, ಬಿಟ್ಟೋ ಅಂತ ಕೇಳುವುದು ಈಗ ಇದೇ ಕಾರಣಕ್ಕೆ.

ಆ್ಯಪ್ ದಾರಿ

ಅಕ್ಕನ ಮಗನಿಗೆ ಬಂದ ಎರಡನೇ ಕರೆ ಪಿಒಎಸ್‌ಪಿ, ಅಂದರೆ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್ ಅನ್ನುವುದು. 2015ರಲ್ಲಿ ಶುರುವಾದ ವ್ಯವಸ್ಥೆ. ಹತ್ತನೇ ತರಗತಿ ಓದಿದ್ದರೆ ಹದಿನೈದು ಗಂಟೆಯ ತರಬೇತಿ, ಅವರದ್ದೇ ಒಂದು ಸಣ್ಣ ಪರೀಕ್ಷೆ, ಅಲ್ಲಿಗೆ ಮುಗಿಯಿತು. ಬ್ರೋಕರ್, ಅಂದರೆ ಹಲವು ಕಂಪನಿಗಳ ಪಾಲಿಸಿ ಮಾಡಿಸಿಕೊಡುವ ಸಂಸ್ಥೆ, ಅದರ ಕೈಕೆಳಗೆ ಪಿಒಎಸ್‌ಪಿ ಆದರೆ ಒಂದೇ ಆ್ಯಪಿನಲ್ಲಿ ಹತ್ತಾರು ಕಂಪನಿಗಳ ದರ ಕಾಣುತ್ತದೆ. ಗಿರಾಕಿಯ ಮುಂದೆ ಕೂತು ಇದು ಇಷ್ಟು, ಅದು ಅಷ್ಟು ಅಂತ ತೋರಿಸಬಹುದು, ಒಂದು ಕಂಪನಿಯ ಏಜೆಂಟಿಗೆ ಆ ಅನುಕೂಲ ಇಲ್ಲ. ಮಾರಬಹುದಾದದ್ದು ಮಾತ್ರ ಸರಳ, ಮೊದಲೇ ಷರತ್ತು ಗೊತ್ತು ಮಾಡಿದ ಪಾಲಿಸಿಗಳನ್ನು. ವಾಹನ ವಿಮೆಗೆ ಇದು ಚೆನ್ನಾಗಿ ಹೊಂದುತ್ತದೆ. ಗ್ಯಾರೇಜು, ಶೋರೂಮು, ಆರ್‌ಟಿಒ ಕಚೇರಿಯ ಮುಂದಿನ ಟೈಪಿಂಗ್ ಅಂಗಡಿ, ಇಂಥ ಕಡೆ ಕೂರುವವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಗಿರಾಕಿ ತಾನಾಗಿಯೇ ಬಂದು ನಿಲ್ಲುತ್ತಾನೆ.

ಆದರೆ ನನ್ನ ಎರಡು ಪ್ರಶ್ನೆ ಕೇಳಿ. ಗಿರಾಕಿಯ ಫೋನ್ ನಂಬರು, ಪಾಲಿಸಿ ಮುಗಿಯುವ ತಾರೀಕು ಎಲ್ಲ ಆ ಬ್ರೋಕರಿನ ಕಂಪ್ಯೂಟರಿನಲ್ಲಿ ಇರುತ್ತದೆ. ಮುಂದಿನ ವರ್ಷ ನೇರವಾಗಿ ಗಿರಾಕಿಗೇ ಮೆಸೇಜು ಹೋದರೆ, ಅವನು ಅಲ್ಲೇ ದುಡ್ಡು ಕಟ್ಟಿಬಿಟ್ಟರೆ, ನಿಮ್ಮ ಪಾಲು ಬರುತ್ತದೆಯೇ? ನೀವು ಆ ಬ್ರೋಕರನ್ನು ಬಿಟ್ಟರೆ ಹಳೆ ಪಾಲಿಸಿಗಳ ಗತಿ ಏನು? ಒಪ್ಪಂದದಲ್ಲಿ ಇದು ಬರೆದಿರುತ್ತದೆ, ಫೋನಿನಲ್ಲಿ ‘ಒಪ್ಪಿಗೆ’ ಒತ್ತುವ ಮುಂಚೆ ಓದಿ. ಓದದೆ ಒತ್ತಿದವರು ಎರಡನೇ ವರ್ಷ ನನ್ನ ಹತ್ತಿರ ಬಂದು ಕೂರುತ್ತಾರೆ.

ಮ್ಯಾನೇಜರ್ ಕೆಲಸ, ಡಿಒ ಕೆಲಸ

ಮೂರನೇ ಕರೆಯಲ್ಲಿದ್ದ ‘ಮ್ಯಾನೇಜರ್’ ನಿಜವಾಗಿ ಮಾಡುವುದು ಏಜೆಂಟರನ್ನು ಸೇರಿಸುವ ಕೆಲಸ. ಅವರು ತಂದ ವ್ಯಾಪಾರವೇ ಇವನ ಟಾರ್ಗೆಟ್. ಸಂಬಳ ಬರುತ್ತದೆ, ಬ್ಯಾಂಕಿನವರು ಸಾಲ ಕೊಡುತ್ತಾರೆ, ಮನೆಯವರಿಗೂ ಸಮಾಧಾನ. ಎರಡು ಮೂರು ತಿಂಗಳು ಟಾರ್ಗೆಟ್ ತಪ್ಪಿದರೆ ಮಾತು ಬದಲಾಗುತ್ತದೆ. ಆಗ ಈ ಹುಡುಗರು ಅಪ್ಪ ಅಮ್ಮನ ಹೆಸರಲ್ಲಿ, ಅತ್ತೆಯ ಹೆಸರಲ್ಲಿ ಪಾಲಿಸಿ ಮಾಡಿಸಿ ತಿಂಗಳು ದಾಟಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲಸ ಬಿಟ್ಟ ದಿನ ಗಿರಾಕಿಗಳೆಲ್ಲ ಅಲ್ಲೇ ಉಳಿಯುತ್ತಾರೆ, ಒಂದು ರಿನ್ಯೂವಲ್ ಕೂಡ ಜೊತೆಗೆ ಬರುವುದಿಲ್ಲ. ಎರಡು ವರ್ಷ ಕಲಿಯಲು ಹೋಗುತ್ತೇನೆ ಅಂದರೆ ಹೋಗಿ, ಒಳ್ಳೆಯ ಶಾಲೆ ಅದು.

ಎಲ್‌ಐಸಿಯ ಡಿಒ ಹುದ್ದೆಯೂ ಇದೇ ಜಾತಿಯ ಕೆಲಸ, ಆದರೆ ನೌಕರಿ ಗಟ್ಟಿ. ಪದವಿ ಬೇಕು, ಪ್ರಕಟಣೆ ಬಂದಾಗ ಪರೀಕ್ಷೆ ಬರೆಯಬೇಕು, ಏಜೆಂಟರಾಗಿ ದುಡಿದವರಿಗೆ ಪ್ರತ್ಯೇಕ ಪಾಲು ಇರುತ್ತದೆ. ಏಜೆಂಟಾಗಿಯೇ ಉಳಿದು ಬೇರೆಯವರನ್ನು ಸೇರಿಸಿ ಬೆಳೆಸುವ ಚೀಫ್ ಲೈಫ್ ಇನ್ಶೂರೆನ್ಸ್ ಅಡ್ವೈಸರ್ ಅನ್ನುವ ದಾರಿಯೂ ಅಲ್ಲೇ ಇದೆ. ಅಂದಹಾಗೆ ಎಲ್‌ಐಸಿ ಏಜೆಂಟರಿಗೆ ಗ್ರಾಚ್ಯುಟಿ ಇದೆ ಅನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ. 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ದೇಶದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಎಲ್‌ಐಸಿ ಏಜೆಂಟರಿದ್ದಾರೆ ಅಂತ ಸರ್ಕಾರ ಹೇಳಿದ್ದೂ ಆಗಲೇ.

ಹೆಣ್ಣುಮಕ್ಕಳಿಗೆ ಬಿಮಾ ಸಖಿ ಇದೆ, 2024ರ ಡಿಸೆಂಬರ್ 9ರಂದು ಪಾಣಿಪತ್ತಿನಲ್ಲಿ ಶುರುವಾದ ಎಲ್‌ಐಸಿ ಯೋಜನೆ. 18ರಿಂದ 70 ವರ್ಷದವರು, ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್, ಕಮಿಷನ್ ಬೇರೆ. ವರ್ಷಕ್ಕೆ ಇಪ್ಪತ್ನಾಲ್ಕು ಜೀವಗಳ ಪಾಲಿಸಿ ಮಾಡಿಸಬೇಕು. ಮುಂದಿನ ವರ್ಷದ ಸ್ಟೈಪೆಂಡ್ ಬರಬೇಕಾದರೆ ಹಿಂದಿನ ವರ್ಷದ ಪಾಲಿಸಿಗಳಲ್ಲಿ ನೂರಕ್ಕೆ ಅರುವತ್ತೈದಾದರೂ ಚಾಲ್ತಿಯಲ್ಲಿರಬೇಕು. ಇದು ನೌಕರಿ ಅಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಈಗಿರುವ ಏಜೆಂಟರ, ನೌಕರರ ಹತ್ತಿರದ ಸಂಬಂಧಿಕರಿಗೆ ಅವಕಾಶ ಇಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಓಡಾಡಿ ಅಭ್ಯಾಸ ಇರುವವರಿಗೆ ಮೊದಲ ಮೂರು ವರ್ಷ ದಾಟಲು ಇದು ನಿಜವಾದ ಆಸರೆ, ನಾನಂತೂ ಧಾರಾಳವಾಗಿ ಹೇಳುತ್ತೇನೆ.

ಸ್ವಂತ ಬೋರ್ಡು ಹಾಕಬೇಕೆಂದರೆ

ಐದಾರು ವರ್ಷ ಆದಮೇಲೆ ಕೆಲವರಿಗೆ ಒಂದೇ ಕಂಪನಿಗೆ ಅಂಟಿಕೊಂಡಿರುವುದು ಸಾಕೆನಿಸುತ್ತದೆ. ಆಗ ನೋಡಬೇಕಾದದ್ದು ಇನ್ಶೂರೆನ್ಸ್ ಮಾರ್ಕೆಟಿಂಗ್ ಫರ್ಮ್, ಐಎಂಎಫ್ ಅನ್ನುತ್ತಾರೆ. ನಿವ್ವಳ ಬಂಡವಾಳ 10 ಲಕ್ಷ ಇರಬೇಕು, ನಿಯಮದಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳಿಗೆ, ಅಂದರೆ ಹಿಂದುಳಿದವು ಅಂತ ಕೇಂದ್ರ ಗುರುತಿಸಿದವಕ್ಕೆ, 5 ಲಕ್ಷ ಸಾಕು. ನಮ್ಮಲ್ಲಿ ಆ ಪಟ್ಟಿಯಲ್ಲಿರುವುದು ರಾಯಚೂರು ಮತ್ತು ಯಾದಗಿರಿ. 2022ರ ಡಿಸೆಂಬರ್‌ನ ಬದಲಾವಣೆ ಆದಮೇಲೆ ಒಂದು ಫರ್ಮ್ ಆರು ಜೀವ, ಆರು ಸಾಮಾನ್ಯ, ಆರು ಆರೋಗ್ಯ ವಿಮಾ ಕಂಪನಿಗಳ ಪಾಲಿಸಿ ಮಾರಬಹುದು, ರಾಜ್ಯದ ತುಂಬ ಕೆಲಸ ಮಾಡಬಹುದು. ಗಿರಾಕಿ ನಿಮ್ಮ ಬೋರ್ಡು ನೋಡಿ ಬರುತ್ತಾನೆ. ಲೆಕ್ಕಪತ್ರ, ವರದಿ, ಪ್ರಧಾನ ಅಧಿಕಾರಿ ಅಂತ ಜವಾಬ್ದಾರಿಯೂ ಹೆಚ್ಚುತ್ತದೆ.

ಬ್ರೋಕರ್ ಅನ್ನುವುದು ಇನ್ನೂ ದೂರದ ಮಾತು. ನೇರ ಬ್ರೋಕರಿಗೆ 75 ಲಕ್ಷ ಬಂಡವಾಳ ಬೇಕು. ಕಾನೂನಿನ ಪ್ರಕಾರ ಬ್ರೋಕರ್ ಗಿರಾಕಿಯ ಕಡೆಯವನು, ತಪ್ಪು ಸಲಹೆ ಕೊಟ್ಟು ನಷ್ಟವಾದರೆ ತುಂಬಿಕೊಡಲು ತಾನೇ ಒಂದು ವಿಮೆ ಇಟ್ಟುಕೊಂಡಿರಬೇಕು. ಪೀಣ್ಯದ ಕಾರ್ಖಾನೆಗೆ ಬೆಂಕಿ ವಿಮೆ, ಕಾರ್ಮಿಕರ ವಿಮೆ, ಸರಕು ಸಾಗಣೆಯ ವಿಮೆ ಎಲ್ಲ ಒಟ್ಟಿಗೆ ಬೇಕಾದಾಗ ಕರೆಯುವುದು ಇವರನ್ನೇ. ಹಳ್ಳಿ ಮನೆಗಳ ಜೊತೆ ಕೆಲಸ ಮಾಡುವವರಿಗೆ ಅದರ ಅಗತ್ಯ ಬೀಳುವುದಿಲ್ಲ.

ಮೊದಲ ಗಿರಾಕಿ, ಮೊದಲ ತಪ್ಪು

ಸೇರಿದ ವಾರವೇ ‘ನೂರು ಹೆಸರು ಬರಿ’ ಅನ್ನುತ್ತಾರೆ. ಎಲ್ಲರೂ ಚಿಕ್ಕಪ್ಪ, ಮಾವ, ಕ್ಲಾಸ್‌ಮೇಟು ಅಂತ ಬರೆಯುತ್ತಾರೆ. ನೆಂಟರು ಮುಖ ನೋಡಿ ಒಂದು ಪಾಲಿಸಿ ಮಾಡುತ್ತಾರೆ, ಎರಡನೇ ಕಂತಿಗೆ ಬಿಡುತ್ತಾರೆ. ಪಾಲಿಸಿಯೂ ಹೋಯಿತು, ಮಾತೂ ಹೋಯಿತು. ನನ್ನ ಸಲಹೆ, ನೆಂಟರನ್ನು ಆರು ತಿಂಗಳು ಮುಟ್ಟಬೇಡಿ. ನಿಮ್ಮನ್ನು ದಿನಾ ನೋಡುವ, ಆದರೆ ನಿಮಗೆ ಮುಲಾಜಿಲ್ಲದೆ ಬೇಡ ಅನ್ನಬಲ್ಲ ಜನರಿಂದ ಶುರು ಮಾಡಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದ್ದು ಇದೇ ನಂಬಿಕೆಯ ಮೇಲೆ, ಸಂಜೆ ಅದೇ ಹೊತ್ತಿಗೆ ಅದೇ ಮನುಷ್ಯ ಅಂಗಡಿ ಬಾಗಿಲಿಗೆ ಬರುತ್ತಾನೆ ಅನ್ನುವ ನಂಬಿಕೆ. ಪಿಗ್ಮಿ ಕಲೆಕ್ಟರ್ ಆಗಿದ್ದವರು ಈ ಕೆಲಸದಲ್ಲಿ ಗೆಲ್ಲುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮಾರುವ ಮುಂಚೆ ಮನೆಯಲ್ಲಿ ಏನಿದೆ ಅಂತ ನೋಡಿ. ರಾಜ್ಯ ಸರ್ಕಾರಿ ನೌಕರರಾದರೆ ಸಂಬಳದ ಚೀಟಿಯಲ್ಲಿ ಕೆಜಿಐಡಿ ಕಡಿತ ಇದ್ದೇ ಇರುತ್ತದೆ, 1891ರಿಂದ ಮೈಸೂರು ಸಂಸ್ಥಾನದಲ್ಲೇ ನಡೆದುಕೊಂಡು ಬಂದ ವಿಮೆ ಅದು. ಬಿಪಿಎಲ್ ಮನೆಯಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದನ್ನು ಮುಚ್ಚಿಟ್ಟು ಪಾಲಿಸಿ ಮಾರಿದರೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ.

ಕಂತು ಯಾವಾಗ ಬರಬೇಕು ಅನ್ನುವುದನ್ನು ಆ ಮನೆಯ ದುಡ್ಡು ನೋಡಿ ಗೊತ್ತು ಮಾಡಬೇಕು. ಅಡಿಕೆ ಬೆಳೆಯುವವರಿಗೆ ತಿಂಗಳ ಕಂತು ಹಾಕಿದರೆ ಮಳೆಗಾಲದಲ್ಲಿ ಕಂತು ತಪ್ಪಿ ಪಾಲಿಸಿ ನಿಂತುಹೋಗುವುದು, ಅಂದರೆ ಲ್ಯಾಪ್ಸ್ ಆಗುವುದು ಗ್ಯಾರಂಟಿ. ಕೊಯ್ಲು ಮುಗಿದು ಮಾಲು ಮಂಡಿಗೆ ಹೋದಮೇಲೆ ವರ್ಷಕ್ಕೊಂದು ಕಂತು ಅಂದರೆ ಸಲೀಸಾಗಿ ಕಟ್ಟುತ್ತಾರೆ. ಡೇರಿಗೆ ಹಾಲು ಹಾಕುವ ಮನೆಗೆ ತಿಂಗಳ ಕಂತೇ ಸರಿ, ಬಟವಾಡೆ ಆದ ಮಾರನೇ ದಿನಕ್ಕೆ ತಾರೀಕು ಇಟ್ಟುಕೊಟ್ಟರೆ ನೀವು ನೆನಪಿಸಬೇಕಾಗಿಯೂ ಇಲ್ಲ. ಯಾವ ತರಬೇತಿಯಲ್ಲೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಇನ್ನು ‘ಮೊದಲ ಕಂತಲ್ಲಿ ಅರ್ಧ ನೀನೇ ಹಾಕು’ ಅನ್ನುವವರು. ಪ್ರತಿ ಏಜೆಂಟೂ ಕೇಳುವ ಮಾತು. ಕಮಿಷನ್ ಬಿಟ್ಟುಕೊಡುವುದು 1938ರ ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಅಪರಾಧ, 10 ಲಕ್ಷದವರೆಗೆ ದಂಡ ಬೀಳಬಹುದು. ಕಾನೂನು ಒಂದು ಕಡೆ ಇರಲಿ. ಅರ್ಧ ದುಡ್ಡಿಗೆ ಪಾಲಿಸಿ ಮಾಡಿದವನು ಎರಡನೇ ವರ್ಷ ಪೂರ್ತಿ ಕಟ್ಟುವುದಿಲ್ಲ, ನಿಮ್ಮ ಐದನೇ ವರ್ಷದ ಲೆಕ್ಕ ಅಲ್ಲೇ ಮುಗಿಯಿತು. ನಾನು ‘ಆಗಲ್ಲ ಅಣ್ಣ’ ಅಂತ ಎದ್ದು ಬಂದ ಮನೆಗಳು ಬಹಳ. ಅದರಲ್ಲಿ ಕೆಲವರು ಆಮೇಲೆ ತಾವೇ ಕರೆದಿದ್ದಾರೆ.

ಫಾರಂ ತುಂಬುವ ಹತ್ತು ನಿಮಿಷ

ಚಿಕ್ಕನಾಯಕನಹಳ್ಳಿ ಹತ್ತಿರ ಒಂದು ತೋಟದ ಮನೆ. ಜಗಲಿಯ ಮೇಲೆ ಕೂತು ಆರೋಗ್ಯ ವಿಮೆಯ ಫಾರಂ ತುಂಬುತ್ತಿದ್ದೆ. ಯಜಮಾನರಿಗೆ ಐವತ್ತೆರಡು. ‘ಬಿಪಿ, ಶುಗರ್ ಏನಾದರೂ ಇದೆಯಾ ಅಣ್ಣ?’ ‘ಏನಿಲ್ಲಪ್ಪ, ಆರಾಮಾಗಿದೀನಿ.’ ಬಿಳಿ ಅಂಗಿಯ ಜೇಬಿನಲ್ಲಿ ಮಾತ್ರೆಯ ಬೆಳ್ಳಿ ಕಾಗದ ಅರ್ಧ ಹೊರಗೆ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ ಪೆನ್ನು ಹಿಡಿದು ಕೂತಿದ್ದೆ. ಅಷ್ಟರಲ್ಲಿ ಒಳಗಿಂದ ಅವರ ಹೆಂಡತಿ ಕಾಫಿ ತಂದು ಇಟ್ಟು, ‘ಬೆಳಗ್ಗೆ ಮಾತ್ರೆ ನುಂಗಿದ್ರಾ?’ ಅಂದರು. ಯಜಮಾನರು ಜೇಬು ಮುಟ್ಟಿಕೊಂಡು, ‘ಇದು ಬಿಪಿಗಲ್ಲ, ಬಿಪಿ ಜಾಸ್ತಿ ಆಗದೆ ಇರಲಿ ಅಂತ’ ಅಂದರು.

‘ಇಲ್ಲ’ ಅಂತ ಬರೆದಿದ್ದರೆ ಅವತ್ತೇ ಪಾಲಿಸಿ ಆಗುತ್ತಿತ್ತು, ನನಗೆ ಕಮಿಷನ್ ಬರುತ್ತಿತ್ತು. ‘ಇದೆ’ ಅಂತ ಬರೆದು ಮಾತ್ರೆಯ ಹೆಸರನ್ನೂ ಬರೆದೆ. ಕಂಪನಿ ಪ್ರೀಮಿಯಂ ಸ್ವಲ್ಪ ಏರಿಸಿತು, ಯಜಮಾನರು ನನ್ನ ಮೇಲೆ ರೇಗಿದರು, ಒಂದು ವಾರ ಫೋನ್ ಎತ್ತಲಿಲ್ಲ. ಕೊನೆಗೆ ಕಟ್ಟಿದರು. ನಾಲ್ಕು ವರ್ಷ ಆದಮೇಲೆ ಎದೆನೋವು ಅಂತ ಮೈಸೂರಿಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡರು. ಆಸ್ಪತ್ರೆಯ ಹಳೆ ಚೀಟಿಯಲ್ಲಿ ಬಿಪಿ ಎಂಟು ವರ್ಷದಿಂದ ಇದೆ ಅಂತ ಬರೆದಿತ್ತು. ಕಂಪನಿಯವರು ಫಾರಂ ತೆಗೆದು ನೋಡಿದರು, ಅದರಲ್ಲೂ ಇತ್ತು. ದುಡ್ಡು ಬಂತು. ಆ ಊರಿನಲ್ಲಿ ಇವತ್ತು ಹದಿನೇಳು ಮನೆ ನನ್ನ ಗಿರಾಕಿಗಳು. ಒಂದು ಮನೆಗೂ ನಾನಾಗಿ ಹೋಗಿ ಕೇಳಿದ್ದಿಲ್ಲ.

ಇಂಥ ನಿಯಮಗಳನ್ನು ಗಿರಾಕಿಗೆ ನೀವೇ ಬಿಡಿಸಿ ಹೇಳಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಐದು ವರ್ಷ ಬಿಡದೆ ಕಟ್ಟಿದ ಆರೋಗ್ಯ ಪಾಲಿಸಿಯನ್ನು, ಮೋಸ ಅಂತ ಸಾಬೀತಾಗದ ಹೊರತು, ವಿಷಯ ಮುಚ್ಚಿಟ್ಟರು ಅಂತ ಪ್ರಶ್ನಿಸುವಂತಿಲ್ಲ. ಜೀವ ವಿಮೆಯಲ್ಲಿ 45ನೇ ಕಲಮಿನ ಪ್ರಕಾರ ಮೂರು ವರ್ಷ ದಾಟಿದರೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಪಾಲಿಸಿ ಕೈಗೆ ಬಂದ ಮೂವತ್ತು ದಿನದೊಳಗೆ ಬೇಡ ಅನಿಸಿದರೆ ವಾಪಸ್ ಮಾಡಬಹುದು, ಇದನ್ನು ಮುಚ್ಚಿಡುವ ಏಜೆಂಟರೇ ಜಾಸ್ತಿ. ಕಂಪನಿ ನ್ಯಾಯ ಕೊಡದಿದ್ದರೆ ಬೆಂಗಳೂರಿನಲ್ಲಿ ಗಿರಾಕಿಗಳ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಆ ಅರ್ಜಿ ಬರೆದುಕೊಡುವುದನ್ನೂ ಕಲಿತುಕೊಳ್ಳಿ.

ಕಲಿಯದಿದ್ದರೆ ಏನಾಗುತ್ತದೆ ಅಂತಲೂ ಕಂಡಿದ್ದೇನೆ. ಗಂಡ ತೀರಿಕೊಂಡ ಹದಿನೈದನೇ ದಿನ ಒಬ್ಬ ತಾಯಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರು ತೆಗೆದು ಪಾಲಿಸಿ ಬಾಂಡು ನನ್ನ ಕೈಗೆ ಕೊಟ್ಟರು. ಮಡಿಕೆಯಲ್ಲಿ ಅರಿಶಿನದ ಕಲೆ ಇತ್ತು, ಹಬ್ಬಕ್ಕೆ ಪೂಜೆ ಮಾಡಿ ಇಟ್ಟಿದ್ದರಂತೆ. ಒಂದೂವರೆ ವರ್ಷ ಕಟ್ಟಿ ನಿಂತುಹೋಗಿತ್ತು, ಆಗಲೇ ಲ್ಯಾಪ್ಸ್. ಮಾಡಿಸಿದ ಏಜೆಂಟು ಏಜೆನ್ಸಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದ್ದ. ಒಂದು ಆರೋಗ್ಯದ ಘೋಷಣಾ ಪತ್ರ ತುಂಬಿ, ಬಾಕಿ ಕಟ್ಟಿಸಿದ್ದರೆ ಪಾಲಿಸಿ ಮತ್ತೆ ಜೀವ ಪಡೆಯುತ್ತಿತ್ತು. ಗಂಡ ಬದುಕಿದ್ದಾಗ ಅದನ್ನು ಹೇಳುವವರು ಯಾರೂ ಆ ಮನೆಗೆ ಹೋಗಿರಲಿಲ್ಲ. ಅವತ್ತು ಆ ತಾಯಿಗೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ಅಕ್ಕನ ಮಗನಿಗೆ ಇಷ್ಟನ್ನೂ ಹೇಳಿದೆ. ಅವನು ಮಂಡಿಯ ಕೆಲಸ ಬಿಟ್ಟಿಲ್ಲ. ಡಿಒ ಹತ್ತಿರ ಹೋಗಿ ಹದಿಮೂರನೇ ತಿಂಗಳ ಅಂಕಿ ಕೇಳಿದ, ಅವರು ಕಂಪ್ಯೂಟರ್ ತೆಗೆದು ತೋರಿಸಿದರಂತೆ. ಅಲ್ಲೇ ಸೇರುತ್ತಿದ್ದಾನೆ. ಜೊತೆಗೆ ಒಂದು ಆರೋಗ್ಯ ವಿಮಾ ಕಂಪನಿಯ ಏಜೆನ್ಸಿಯನ್ನೂ ನೋಡುತ್ತಿದ್ದಾನೆ. ಹೆಸರು ಬರೆಯುವ ನೋಟ್‌ಬುಕ್ ತೋರಿಸಿದ. ಮೊದಲ ಪುಟದಲ್ಲಿ ನೆಂಟರು ಯಾರೂ ಇರಲಿಲ್ಲ. ಮಂಡಿಗೆ ಕೊಬ್ಬರಿ ತರುವ ರೈತರ ಹೆಸರು, ಅದರ ಪಕ್ಕ ಯಾರ ತೋಟದ ಮಾಲು ಯಾವ ತಿಂಗಳು ಬರುತ್ತದೆ ಅಂತ ಬರೆದಿದ್ದ.